ಚೆಂಡು ತಗುಲದ ಯುವರಾಜ

ಒಂದಾನೊಂದು ಊರು. ಆ ಊರಿಗೊಬ್ಬ ದೊರೆ, ದೊರೆಗೊಬ್ಬನೇ ಮಗ, ವಿಜಯಧ್ವಜ. ಎಂಟು ವರ್ಷದ ಆ ಯುವರಾಜ ಕುಂಬಾರಗೇರಿಯ ಮಕ್ಕಳೊಡನೆ ಲಗೋರಿ ಆಡಲು ಹೋದನಂತೆ. ಮೊದಲ ಆಟದಲ್ಲೇ ಬೆನ್ನಿಗೆ ಚೆಂಡು ಬಿತ್ತು. ಅಳುತ್ತಾ ಅರಮನೆಗೆ ಓಡಿದ.

ದೊರೆಗೆ ಬೇರೆ ರಾಜಕಾರ್ಯವಿರಲಿಲ್ಲವೇನೋ, ಕೂಡಲೇ ಡಂಗುರ ಹೊಡೆಸಿದನಂತೆ: "ಯುವರಾಜರಿಗೆ ಚೆಂಡು ತಗುಲಿದರೂ ತಗುಲಲಿಲ್ಲವೆಂದೇ ತಿಳಿಯತಕ್ಕದ್ದು!" ಮಂತ್ರಿ "ಭಲೇ" ಎಂದ. ಮಂತ್ರಿಗಳಿರುವುದೇ ಅದಕ್ಕೆ.

ಮಕ್ಕಳು ತಕರಾರು ಮಾಡಲಿಲ್ಲ. ಯುವರಾಜ ಒಂದು ದಿನ ಗೆದ್ದ, ಎರಡು ದಿನ ಗೆದ್ದ, ಏಳು ದಿನವೂ ಗೆದ್ದ. ದಿನಕ್ಕೊಂದು ಹಾರ, ದಿನಕ್ಕೊಂದು ಆರತಿ. ಓಡುವ ಶ್ರಮವನ್ನೂ ಬಿಟ್ಟು, ಮೆರವಣಿಗೆಯಲ್ಲಿ ನಡೆದಂತೆ ನಡೆಯತೊಡಗಿದ.

ಎಂಟನೆಯ ದಿನ ಕುಂಬಾರರ ಹುಡುಗಿ ಬಸಕ್ಕ ಗುಂಪು ಎಣಿಸಿದಳು. "ಆ ಕಡೆ ಆರು, ಈ ಕಡೆ ಐದು. ಇನ್ನೊಬ್ರು ಬೇಕಲ್ಲ?"

"ನಾನಿದ್ದೇನಲ್ಲ!" ಎಂದ ಯುವರಾಜ.

"ನೀವು ಆಟಕ್ಕುಂಟು, ಲೆಕ್ಕಕ್ಕಿಲ್ಲ ಬುದ್ಧೀ. ನಮ್ಮ ಭರಮನ ಹಂಗೆ."

ಭರಮ ಅವಳ ತಮ್ಮ. ಮೂರು ತುಂಬಿಲ್ಲ. ಉಡಿದಾರವೊಂದೇ ಉಡುಪು, ಲಗೋರಿಯ ಬಿಲ್ಲೆಯೊಂದನ್ನು ಚೀಪುತ್ತಾ ನಿಂತಿದ್ದ.

"ಅವನಿಗೂ ಚೆಂಡು ಬಿದ್ರೆ ಬಿದ್ದಂಗಲ್ಲ. ಚಿಕ್ಕೋನು, ಅಳ್ತಾನೆ."

"ಮತ್ತೆ ನಾನು ಏಳು ದಿನ ಗೆದ್ದದ್ದು?"

"ಭರಮನೂ ಏಳು ದಿನ ಗೆದ್ದವ್ನೆ. ಅವನಿಗ್ಯಾರೂ ಆರತಿ ಎತ್ತಲಿಲ್ಲ, ಅಷ್ಟೇ."

ಯುವರಾಜನ ಕಿವಿ ಕೆಂಪಾದವು. ಕೊರಳ ಹಾರ ಕಜ್ಜಿಯಂತೆ ಕಡಿಯಿತು.

"ನನ್ನನ್ನೂ ಲೆಕ್ಕಕ್ಕೆ ಹಿಡಿ ಬಸಕ್ಕ."

"ಚೆಂಡು ಬಿದ್ರೆ ಆಚೆ ಕೂರ್ಬೇಕು. ಅರಮನೆಗೆ ಓಡೋ ಹಂಗಿಲ್ಲ."

"ಕೂರುತ್ತೇನೆ."

ಅಂದು ಯುವರಾಜ ನಿಜವಾಗಿಯೂ ಓಡಿದನಂತೆ. ಆರು ಬಿಲ್ಲೆ ಜೋಡಿಸಿ, ಏಳನೆಯದನ್ನು ಇಡಬೇಕು, ಅಷ್ಟರಲ್ಲಿ ಚೆಂಡು ಅವನ ರೇಷ್ಮೆ ಅಂಗಿಯ ಅಂಚನ್ನು ಸವರಿ ಹೋಯಿತು. ಯಾರೂ ಕಾಣಲಿಲ್ಲ. ಅವನು ಬಿಲ್ಲೆಯನ್ನು ಒಮ್ಮೆ ನೋಡಿದ, ಕೆಳಗಿಟ್ಟ, ಕೈ ಎತ್ತಿದ. "ನನಗೆ ತಗುಲಿತು."

ಹೋಗಿ ಆಚೆ ಧೂಳಿನಲ್ಲಿ ಕುಳಿತ.

ಅಷ್ಟು ಹೊತ್ತಿಗೆ ದೊರೆ, ಮಂತ್ರಿ, ಹೊಸ ಹಾರ, ಎಲ್ಲವೂ ಬಂದವು.

"ಗೆದ್ದೆಯಾ ಮಗನೇ?"

"ಇಲ್ಲ ಅಪ್ಪಾಜಿ, ಸೋತೆ!" ಎಂದ ಹುಡುಗ, ಹಲ್ಲೆಲ್ಲ ತೋರಿಸಿ.

ಮಂತ್ರಿ ಅಭ್ಯಾಸಬಲದಿಂದ "ಭಲೇ" ಎಂದುಬಿಟ್ಟನಂತೆ. ಜೀವಮಾನದಲ್ಲಿ ಅವನು ಸರಿಯಾದ ಜಾಗದಲ್ಲಿ ಹಾಗೆಂದದ್ದು ಅದೊಂದೇ ಸಲ.

"ಮಾತನಾಡಿಸಬೇಡಿ ಬುದ್ಧೀ," ಎಂದಳು ಬಸಕ್ಕ ದೊರೆಗೆ, "ಆಟ ಇನ್ನೂ ಮುಗಿದಿಲ್ಲ." ದೊರೆ ತೆಪ್ಪಗೆ ಗೆರೆಯಾಚೆ ಸರಿದು ನಿಂತ. ಹಾರ ಭರಮನ ಕೊರಳಿಗೆ ಹೋಯಿತು. ಅವನು ಎರಡು ಹೂ ತಿಂದ.

ಮರುದಿನ ಹಳೆಯ ಅಪ್ಪಣೆ ರದ್ದಾಯಿತೆಂದು ಡಂಗುರ ಸಾರಿದರಂತೆ. ಅವರು ಅಲ್ಲಿ ಸೋತು ಸುಖವಾಗಿದ್ದರು. ನಾವು ಇಲ್ಲಿ ಗೆಲ್ಲುತ್ತಾ ಕುಳಿತಿದ್ದೇವೆ.