ಚಿಕ್ಕೀರ ಎರಡನ್ನೂ ಕೇಳಿ ನೋಡಿದ್ದು

ಅರಸೀಕೆರೆ ಮಾರ್ಕೆಟ್ಟಿನ ಬಾಗಿಲಲ್ಲಿ ಪುಟ್ಟತಾಯಮ್ಮ ಅಂತ ಒಬ್ಬಳು ಹೂವು ಮಾರುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಹೆಸರು ಚಿಕ್ಕೀರ. ಇಪ್ಪತ್ತೆಂಟು ವರ್ಷದ ಆಳು, ತಲೆ ಬಗ್ಗಿಸದೆ ಬಾಗಿಲು ದಾಟಲಾರ, ಅಷ್ಟೆತ್ತರ. ಮನಸ್ಸು ಬಂಗಾರ. ಯಾರೇನು ಹೇಳಿದರೂ ಸರಿ ಅನ್ನುತ್ತಿದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಹೋಟೆಲಿನವರು ಹಾಲು ಉಕ್ಕುವುದನ್ನ ನೋಡಿಕೋ ಅಂದರು. ಉಕ್ಕಿ, ಒಲೆಯೆಲ್ಲ ಆರಿ ಹೋಗುವ ತನಕ ನೋಡಿಕೊಂಡೇ ನಿಂತಿದ್ದ. ಸೈಕಲ್ ಶಾಪಿನವನು ಈ ಸೈಕಲ್ಲಿಗೆ ಗಾಳಿ ಹಾಕು ಅಂದ. ಬೀಸಣಿಗೆ ತಂದು, ಸೈಕಲ್ಲಿನ ಎದುರಿಗೆ ಕೂತು, ಅರ್ಧ ಗಂಟೆ ಗಾಳಿ ಹಾಕಿದ. ಹೀಗೇ ಆರು ಕಡೆ ಕೆಲಸಕ್ಕೆ ಸೇರಿದ, ಆರು ಕಡೆಯಿಂದಲೂ ವಾಪಸ್ ಬಂದ.

"ನಾನು ಸತ್ತ ಮೇಲೆ ನಿನ್ನ ಯಾರ್ಲಾ ಇಟ್ಕೋತಾರೆ?" ಅನ್ನುತ್ತಿದ್ದಳು ಪುಟ್ಟತಾಯಮ್ಮ.

"ಎಲ್ಲಿ ಇಟ್ಕೋತಾರವ್ವಾ?" ಅನ್ನುತ್ತಿದ್ದ ಚಿಕ್ಕೀರ.

ಆದರೆ ಒಂದು ಮಾತು ಹೇಳಬೇಕು. ಅವನ ಬುದ್ಧಿ ಎಷ್ಟು ಮಂದವೋ ಕಿವಿ ಅಷ್ಟೇ ಚುರುಕು. ತೆಂಗಿನಕಾಯಿಗೆ ಒಂದು ಸಲ ಬೆರಳಲ್ಲಿ ಕುಟ್ಟಿದರೆ ಸಾಕು, ಒಳಗೆ ಎಷ್ಟು ನೀರಿದೆ ಅಂತ ಹೇಳುತ್ತಿದ್ದ. ಸ್ಟೇಷನ್ನಿಗೆ ಬರುವ ಗೂಡ್ಸ್ ಗಾಡಿ ತುಂಬಿದ್ದೋ ಖಾಲಿಯೋ, ಮನೆಯಲ್ಲಿ ಮಲಗಿದ್ದಲ್ಲಿಂದಲೇ ಹೇಳುತ್ತಿದ್ದ.

ಅದೇ ಬೀದಿಯಲ್ಲಿ ವಿಮಲಾಕ್ಷಿ ಅಂತ ಹಾಡುಗಾರ್ತಿ. ಆರ್ಕೆಸ್ಟ್ರಾದಲ್ಲಿ ಹದಿನೈದು ವರ್ಷದಿಂದ ಹಾಡುತ್ತಿದ್ದಳು. ಮದುವೆ, ಗಣಪತಿ, ರಾಜ್ಯೋತ್ಸವ ಅಂತ ದೊಡ್ಡ ದೊಡ್ಡ ಸ್ಪೀಕರಿನ ಪಕ್ಕ ನಿಂತೂ ನಿಂತೂ ಅವಳ ಬಲಗಿವಿ ಸದಾ ಗುಂಯ್ ಅನ್ನುತ್ತಿತ್ತು. ವೇದಿಕೆ ಮೇಲೆ ತನ್ನ ದನಿ ತನಗೇ ಸರಿಯಾಗಿ ಕೇಳುತ್ತಿರಲಿಲ್ಲ. ಆರ್ಕೆಸ್ಟ್ರಾ ನಡೆಸುವವರು ಮೆಲ್ಲಗೆ ಹೇಳಿದ್ದರು, "ವಿಮಲಮ್ಮ, ಶ್ರುತಿ ಅಲ್ಲಲ್ಲಿ ಆಚೀಚೆ ಆಗ್ತಿದೆ. ಈ ಭಾನುವಾರದ ಮದುವೆ ನೋಡೋಣ. ಆಮೇಲೆ ಬೇರೆ ಯೋಚನೆ ಮಾಡ್ಬೇಕಾಗುತ್ತೆ." ಬೇರೆ ಯೋಚನೆ ಅಂದರೆ ಬೇರೆ ಹಾಡುಗಾರ್ತಿ ಅಂತ ವಿಮಲಾಕ್ಷಿಗೆ ಗೊತ್ತಿತ್ತು.

ಅದಕ್ಕೇ ಅವಳು ಹಾಸನದ ಅಂಗಡಿಯೊಂದರಿಂದ ಎರಡು ಜೊತೆ ಇಯರ್ ಮಾನಿಟರ್ ತಂದಳು. ಅಂದರೆ ಹಾಡುವವರು ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಪುಟಾಣಿ ಸ್ಪೀಕರು. ಸುತ್ತ ಎಷ್ಟೇ ಗದ್ದಲ ಇರಲಿ, ತಮ್ಮ ದನಿ ತಮ್ಮ ಕಿವಿಯಲ್ಲೇ ಇರುತ್ತೆ. ಒಂದು ಜೊತೆ ಕಪ್ಪು, ಒಂದು ಜೊತೆ ನೀಲಿ. ಎರಡೂ ಭಾರಿ ಬೆಲೆಯವು. ಅಂಗಡಿಯ ಯಜಮಾನರು ಪರಿಚಯದವರು, "ಸೋಮವಾರದ ತನಕ ಎರಡೂ ಇಟ್ಕೊಳ್ಳಿ, ಹಿಡಿಸಿದ್ದು ನಿಮಗೆ, ಹಿಡಿಸದ್ದು ನಮಗೆ" ಅಂದಿದ್ದರು.

ವಿಮಲಾಕ್ಷಿಗೆ ಕಪ್ಪು ಜೊತೆ ತುಂಬ ಹಿಡಿಸಿತ್ತು. ಅದರಲ್ಲಿ ತನ್ನ ದನಿ ಜೇನಿನ ಹಾಗಿತ್ತು. ಆದರೆ ತನ್ನ ಕಿವಿಯನ್ನ ತಾನೇ ನಂಬುವ ಹಾಗಿರಲಿಲ್ಲ. ಆರ್ಕೆಸ್ಟ್ರಾದವರನ್ನ ಕೇಳಿದರೆ ಮುಖ ನೋಡಿ ಮಾತಾಡುತ್ತಾರೆ. ಸುಳ್ಳು ಹೇಳಲು ಬಾರದ ಕಿವಿ ಬೇಕಿತ್ತು. ಗುರುವಾರ ಬೆಳಿಗ್ಗೆ ಪುಟ್ಟತಾಯಮ್ಮನ ಮನೆಗೆ ಬಂದು, ಎರಡು ಡಬ್ಬಿಯನ್ನೂ ಚಿಕ್ಕೀರನ ಕೈಗೆ ಕೊಟ್ಟಳು.

"ಎರಡನ್ನೂ ಕೇಳಿ ನೋಡು ಚಿಕ್ಕೀರ. ಯಾವುದು ಚೆನ್ನಾಗಿದೆ ಅಂತ ಬಂದು ಹೇಳು."

"ಸರಿ ಅಕ್ಕ" ಅಂದ ಚಿಕ್ಕೀರ.

ಅವನು ತಟ್ಟೆಯೊಂದನ್ನ ತೊಳೆದು ತಂದ. ಕರಿದನ್ನೂ ನೀಲಿದನ್ನೂ ಅದರಲ್ಲಿ ಇಟ್ಟ. ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಕರಿದನ್ನ ಕೇಳಿದ, "ನೀನು ಚೆನ್ನಾಗಿದೀಯಾ?" ಕರಿದು ಸುಮ್ಮನಿತ್ತು. ನೀಲಿದನ್ನ ಕೇಳಿದ, "ಹೋಗಲಿ, ನೀನು ಚೆನ್ನಾಗಿದೀಯಾ?" ಅದೂ ಸುಮ್ಮನಿತ್ತು. ಹೊಸ ಜಾಗ, ನಾಚಿಕೆ ಇರಬಹುದು ಅಂತ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡೆರಡು ಸಲ ಕೇಳಿದ. ಆಮೇಲೆ ಎದ್ದು ವಿಮಲಾಕ್ಷಿಯ ಮನೆಗೆ ಹೋದ.

"ಅಕ್ಕ, ಎರಡನ್ನೂ ಮೂರು ಮೂರು ಸಲ ಕೇಳಿದೆ. ಎರಡೂ ಬಾಯಿ ಬಿಡ್ತಿಲ್ಲ."

ವಿಮಲಾಕ್ಷಿ ಹಣೆ ಹಿಡಿದುಕೊಂಡಳು. ಸುದ್ದಿ ಪುಟ್ಟತಾಯಮ್ಮನಿಗೆ ಮುಟ್ಟಿತು.

"ಅಯ್ಯೋ ನನ್ನ ಕರ್ಮವೇ. ಬಾಯಲ್ಲಿ ಕೇಳೋದಲ್ಲ ಕಣ್ಲಾ, ಕಿವೀಲಿ ಕೇಳೋದು. ಕಿವಿಗೆ ಸಿಕ್ಕಿಸ್ಕೊ. ಏನೇನು ಕೇಳಿಸುತ್ತೋ ಅದನ್ನ ಒಂದೂ ಬಿಡದೆ ಹೋಗಿ ಹೇಳು."

"ಸರಿ ಅವ್ವ" ಅಂದ ಚಿಕ್ಕೀರ.

ಕರಿದನ್ನ ಎರಡೂ ಕಿವಿಗೆ ಸಿಕ್ಕಿಸಿಕೊಂಡ. ಅದರ ತಂತಿ ಮೊಣಕಾಲ ತನಕ ಜೋತುಬಿದ್ದಿತ್ತು. ಅದನ್ನ ಯಾವುದಕ್ಕಾದರೂ ಚುಚ್ಚಬೇಕು ಅಂತ ಯಾರೂ ಹೇಳಿರಲಿಲ್ಲ, ಅವನೂ ಚುಚ್ಚಲಿಲ್ಲ. ಜಗಲಿಯ ಮೇಲೆ ಕೂತು ಕೇಳಿದ. ಕೇಳಿಸಿದ್ದನ್ನ ಬೆರಳು ಮಡಚಿ ನೆನಪಿಟ್ಟುಕೊಂಡ. ಆಮೇಲೆ ನೀಲಿದು ಹಾಕಿಕೊಂಡು ಕೇಳಿದ. ವಿಮಲಾಕ್ಷಿಯ ಮುಂದೆ ಹೋಗಿ ನಿಂತು ಒಪ್ಪಿಸಿದ.

"ಕರಿದ್ರಲ್ಲಿ ನನ್ನ ಉಸಿರು, ಎದೆ ಬಡ್ಕೊಳ್ಳೋದು, ಎಂಜಲು ನುಂಗಿದ್ದು. ಅಷ್ಟೇ ಅಕ್ಕ. ನೀಲಿದ್ರಲ್ಲಿ ಉಸಿರು, ಎದೆ ಬಡ್ಕೊಳ್ಳೋದು, ಎಂಜಲು ನುಂಗಿದ್ದು. ದೂರದಲ್ಲಿ ಅವ್ವ ಯಾರಿಗೋ ಬೈತಿದ್ದದ್ದು. ನನಗೇ ಅನ್ಸುತ್ತೆ."

ವಿಮಲಾಕ್ಷಿ ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋಗಿ ತನ್ನ ಹಳೇ ಫೋನ್ ತಂದಳು. ಅದರಲ್ಲಿ ಅಭ್ಯಾಸದ ದಿನ ಹಾಡಿದ್ದ ಒಂದು ಹಾಡು ಇತ್ತು. ತಂತಿಯನ್ನ ಎಲ್ಲಿ ಚುಚ್ಚಬೇಕು, ಹಾಡು ಎಲ್ಲಿ ಒತ್ತಬೇಕು, ಎರಡೆರಡು ಸಲ ತೋರಿಸಿದಳು.

"ಇವತ್ತು ಬೇಡ, ನಾಳೆ ಸಮಾಧಾನವಾಗಿ ಕೂತು ಕೇಳು. ಮೊದಲು ಕರಿದು. ಮಧ್ಯ ಮಧ್ಯ ತೆಗೀಬೇಡ. ಹಾಡು ಮುಗಿಯೋ ತನಕ ಕಿವಿಯಲ್ಲೇ ಇರ್ಲಿ. ಗೊತ್ತಾಯ್ತಾ?"

"ಗೊತ್ತಾಯ್ತು ಅಕ್ಕ. ಮುಗಿಯೋ ತನಕ ತೆಗೀಬಾರದು."

ಮಾರನೇ ದಿನ ಬೆಳಿಗ್ಗೆ ಅವ್ವನ ಹೂವಿನ ಬುಟ್ಟಿಯ ಪಕ್ಕ ಕೂತು ಹಾಡು ಒತ್ತಿದ. ಆ ಫೋನು ಎಂಥದು ಅಂದರೆ, ಹಾಡು ಕೊನೆಗೆ ಬರುತ್ತಿದ್ದ ಹಾಗೆ ತಾನೇ ಮೊದಲಿನಿಂದ ಶುರುಮಾಡುತ್ತಿತ್ತು. ಚಿಕ್ಕೀರ ಮುಗಿಯಲಿ ಅಂತ ಕಾದ. ಒಂಬತ್ತಾಯಿತು, ಹತ್ತಾಯಿತು. ಹಾಡು ಮುಗಿಯಲಿಲ್ಲ. ಪುಟ್ಟತಾಯಮ್ಮ ಬುಟ್ಟಿ ನೋಡಿಕೋ ಅಂತ ಹೇಳಿ ನೀರು ಕುಡಿಯಲು ಹೋದಳು. ಅದು ಅವನಿಗೆ ಕೇಳಲಿಲ್ಲ. ಗಿರಾಕಿ ಬಂದು ಎರಡು ಮೊಳ ಕನಕಾಂಬರ ಕೇಳಿದರು. ಅದೂ ಕೇಳಲಿಲ್ಲ. ಒಂದು ಹಸು ಬಂದು ಯಾರನ್ನೂ ಏನೂ ಕೇಳದೆ ಸೇವಂತಿಗೆಗೆ ಬಾಯಿ ಹಾಕಿತು. ಚಿಕ್ಕೀರ ಅದನ್ನ ನೋಡಿದ, ಆದರೆ ಏಳಲಿಲ್ಲ, ಫೋನು ನೆಲದ ಮೇಲಿತ್ತು, ಎದ್ದರೆ ತಂತಿ ಕಿತ್ತು ಬರುತ್ತಿತ್ತು.

ಪುಟ್ಟತಾಯಮ್ಮ ಓಡಿ ಬಂದು ಹಸು ಅಟ್ಟಿ, ಮಗನ ಕಿವಿಯಿಂದ ಎರಡನ್ನೂ ಕಿತ್ತಳು. ಕಿವಿ ಬಾಳೆ ಹೂವಿನ ಹಾಗೆ ಕೆಂಪಗೆ ಆಗಿತ್ತು. ಅವಳ ಸಿಟ್ಟು ಅರ್ಧ ಇಳಿದುಹೋಯಿತು.

"ಇಷ್ಟು ನೋಯೋ ತನಕ ಯಾಕ್ಲಾ ಇಟ್ಕೊಂಡಿದ್ದೆ?"

"ಮುಗೀಲಿಲ್ಲವಲ್ಲವ್ವ. ಹತ್ತು ಸಲ ಕೇಳಿದ ಮೇಲೆ ಒತ್ತೋಕೆ ಶುರುವಾಯ್ತು. ಆಮೇಲೆ ಮುಳ್ಳು ಚುಚ್ಚಿದ ಹಾಗೆ."

"ದೇವರೇ. ನೋಡು ಮಗಾ, ಇನ್ನು ಮೇಲೆ ಇದನ್ನ ನೆನಪಿಟ್ಕೊ. ಯಾವುದು ನೋಯಿಸುತ್ತೋ ಅದನ್ನ ತೆಗೆದು ಹಾಕ್ಬೇಕು. ನೋಯಿಸದ್ದನ್ನ ಇಟ್ಕೋಬೇಕು."

"ಸರಿ ಅವ್ವ" ಅಂದ ಚಿಕ್ಕೀರ.

ಶನಿವಾರ ನೀಲಿದು ಹಾಕಿಕೊಂಡ. ಅದು ಕಿವಿಯಲ್ಲಿ ಇದೆ ಅಂತಲೇ ಅನ್ನಿಸಲಿಲ್ಲ, ಅಷ್ಟು ಹಗುರ. ಹತ್ತು ಸಲ ಕೇಳಿದ, ಇಪ್ಪತ್ತು ಸಲ ಕೇಳಿದ, ಕಿವಿ ನೋಯಲಿಲ್ಲ. ಆದರೆ ಹಾಡಿನ ಮಧ್ಯ ವಿಮಲಕ್ಕ ಮೇಲಕ್ಕೆ ಹೋಗುವ ಒಂದು ಜಾಗ ಇತ್ತು. ಅಲ್ಲಿಗೆ ಬಂದಾಗೆಲ್ಲ ಚಿಕ್ಕೀರನ ಎದೆಯಲ್ಲಿ ಏನೋ ಚುಳ್ ಅನ್ನುತ್ತಿತ್ತು. ಮೆಟ್ಟಿಲು ಹತ್ತುವವರು ಕೊನೇ ಮೆಟ್ಟಿಲಿಗೆ ಕಾಲು ಸಿಗದೆ ತಡವರಿಸುತ್ತಾರಲ್ಲ, ಹಾಗೆ. ಅವನು ಕೂತು ಯೋಚಿಸಿದ. ನೀಲಿದು ನೋಯಿಸುತ್ತಿಲ್ಲ, ಅದನ್ನ ಇಟ್ಟುಕೊಳ್ಳಬೇಕು. ನೋಯಿಸುತ್ತಿರುವುದು ಹಾಡು. ಅದನ್ನ ತೆಗೆದು ಹಾಕಬೇಕು. ರೀಚಾರ್ಜ್ ಅಂಗಡಿಗೆ ಹೋಗಿ, ಅಲ್ಲಿದ್ದವರ ಹತ್ತಿರ ಹಾಡನ್ನ ಅಳಿಸಿಕೊಂಡು, ವಿಮಲಾಕ್ಷಿಯ ಮನೆಗೆ ಬಂದ.

"ಅಕ್ಕ, ನೋಯ್ತಿತ್ತು. ಹಾಡು ತೆಗೆದು ಹಾಕ್ಸಿದೆ."

ವಿಮಲಾಕ್ಷಿ ಫೋನ್ ನೋಡಿದಳು. ಹಾಡು ಇರಲಿಲ್ಲ. ಅವಳ ಮುಖ ಬಿಗಿಯಿತು. "ನಾನು ಕೇಳೋಕೆ ಕೊಟ್ಟರೆ ನೀನು ಅಳಿಸ್ಕೊಂಡು ಬಂದೆಯಲ್ಲೋ. ನನ್ನ ಹಾಡು ನಿನಗೆ ನೋಯಿಸ್ತಾ?"

"ಹಾಡೆಲ್ಲ ಅಲ್ಲ ಅಕ್ಕ. ನೀವು ಮೇಲಕ್ಕೆ ಹೋಗ್ತೀರಲ್ಲ, ಅಲ್ಲಿ. ಒಂದು ಕೂದಲಷ್ಟು ಕೆಳಗೆ ನಿಂತುಬಿಡ್ತೀರಿ. ಪ್ರತೀ ಸಲ."

ವಿಮಲಾಕ್ಷಿ ಫೋನ್ ಕೆಳಗಿಟ್ಟಳು.

"ಕರಿದ್ರಲ್ಲೂ ಹಾಗೇ ಇತ್ತಾ?" ಅಂತ ಮೆಲ್ಲಗೆ ಕೇಳಿದಳು ವಿಮಲಾಕ್ಷಿ.

"ಕರಿದ್ರಲ್ಲಿ ಡೋಲು ಮುಂದೆ ಬಂದು ನಿಂತ್ಕೊಳುತ್ತೆ. ದಪ್ಪ ಕಂಬಳಿ ಹೊದಿಸಿದ ಹಾಗೆ ಬೆಚ್ಚಗಿರುತ್ತೆ, ಸಿಹಿಯಾಗಿರುತ್ತೆ. ಆ ಜಾಗ ಕಾಣಿಸೋದೇ ಇಲ್ಲ. ನೀಲಿದ್ರಲ್ಲಿ ಕಂಬಳಿ ಇಲ್ಲ. ಬರೀ ನೀವು."

ಹದಿನೈದು ವರ್ಷ ಚಪ್ಪಾಳೆ ಕೇಳಿದ ಹೆಂಗಸು ಅವಳು. ಇಷ್ಟು ನೇರವಾಗಿ ಯಾರೂ ಅವಳಿಗೆ ಹೇಳಿರಲಿಲ್ಲ. ಕಣ್ಣು ತುಂಬಿಕೊಂಡಿತು, ಆದರೆ ಅವಳು ಬೈಯಲಿಲ್ಲ. ಮೈಕು ಜೋಡಿಸಿ, ನೀಲಿ ಜೊತೆಯನ್ನ ಕಿವಿಗೆ ಹಾಕಿಕೊಂಡು, ಅದೇ ಸಾಲು ಹಾಡಿದಳು. ಕೂದಲಷ್ಟು ಕೆಳಗೆ ನಿಂತದ್ದು ಈಗ ಅವಳಿಗೂ ಕೇಳಿಸಿತು. ಮತ್ತೆ ಹಾಡಿದಳು. ಚಿಕ್ಕೀರ ಎದೆ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ. ಎಷ್ಟೋ ಸಲ ಹಾಡಿದ ಮೇಲೆ ಒಂದು ಸಲ ಅವನ ಕೈ ತಾನಾಗಿ ಕೆಳಗಿಳಿಯಿತು. ವಿಮಲಾಕ್ಷಿ ಅದನ್ನ ನೋಡಿದಳು. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಬಂದಳು, ದಾರಿ ಮರೆಯದ ಹಾಗೆ.

ಭಾನುವಾರದ ಮದುವೆಯಲ್ಲಿ ಎರಡೂವರೆ ಗಂಟೆ ಹಾಡಿದಳು. ಎಲ್ಲೂ ತಡವರಿಸಲಿಲ್ಲ. ಆರ್ಕೆಸ್ಟ್ರಾದವರು ಬೇರೆ ಯೋಚನೆಯ ಮಾತೆತ್ತಲಿಲ್ಲ. ಮುಂದಿನ ತಿಂಗಳ ದಿನಾಂಕಗಳನ್ನ ಹೇಳಿ ಹೋದರು.

ಸೋಮವಾರ ಅವಳು ಪುಟ್ಟತಾಯಮ್ಮನ ಮನೆಗೆ ಬಂದು, ಚಿಕ್ಕೀರ ಇನ್ನು ನನ್ನ ಜೊತೆಗೇ ಇರಲಿ, ಅಭ್ಯಾಸದ ಹೊತ್ತಿಗೆ ಅವನ ಕಿವಿ ನನಗೆ ಬೇಕು ಅಂದಳು. ಪುಟ್ಟತಾಯಮ್ಮ ಹೂ ಕಟ್ಟುತ್ತಿದ್ದವಳು ದಾರ ಬಿಟ್ಟು ಕೈ ಮುಗಿದಳು.

"ಆದರೆ ಚಿಕ್ಕೀರ, ಒಂದು ಮಾತು" ಅಂದಳು ವಿಮಲಾಕ್ಷಿ. "ಹಾಡು ಅಳಿಸಿದ ಹಾಗೆ ನಿನ್ನಷ್ಟಕ್ಕೆ ನೀನೇ ಏನೂ ಮಾಡ್ಬೇಡ. ಹೇಳಿದ್ದಷ್ಟೇ ಮಾಡು. ಜಾಸ್ತಿ ಬೇಡ, ಕಮ್ಮಿ ಬೇಡ."

"ಸರಿ ಅಕ್ಕ."

"ಕರಿದು ತಗೊಂಡು ಹಾಸನಕ್ಕೆ ಹೋಗು. ಸುಮ್ನೆ ಅಂಗಡಿ ಮೇಜಿನ ಮೇಲೆ ಇಟ್ಟು ಬಂದುಬಿಡಬೇಡ. ಯಜಮಾನರ ಕಿವಿಗೆ ಹಾಕಿ ಬಾ."

"ಸರಿ ಅಕ್ಕ" ಅಂದ ಚಿಕ್ಕೀರ.

ಊಟ ಮುಗಿಸಿ ಬಸ್ಸು ಹತ್ತಿದ. ಸಂಜೆ ಐದಕ್ಕೆ ವಾಪಸ್ ಬಂದ. ಕೈ ಖಾಲಿ, ಮುಖದಲ್ಲಿ ನೆಮ್ಮದಿ. ವಿಮಲಾಕ್ಷಿ ಜಗಲಿಯಲ್ಲಿ ಪುಟ್ಟತಾಯಮ್ಮನ ಜೊತೆ ಕಾಫಿ ಕುಡಿಯುತ್ತ ಕೂತಿದ್ದಳು.

"ಏನಂದ್ರೋ ಯಜಮಾನರು?"

"ಏನೂ ಅನ್ನಲಿಲ್ಲ ಅಕ್ಕ. ಊಟ ಮಾಡಿ ಕುರ್ಚಿಗೆ ಒರಗಿ ನಿದ್ದೆ ಮಾಡ್ತಿದ್ರು."

"ಎಬ್ಬಿಸಿದೆಯಾ?"

"ಎಬ್ಬಿಸು ಅಂತ ನೀವು ಹೇಳಿರಲಿಲ್ಲ."

ಪುಟ್ಟತಾಯಮ್ಮ ಕಾಫಿ ಲೋಟ ಕೆಳಗಿಟ್ಟಳು. "ಮತ್ತೆ ಏನ್ಲಾ ಮಾಡಿದೆ?"

"ಅಕ್ಕ ಹೇಳಿದ್ದಷ್ಟೇ ಮಾಡಿದೆ. ಮೆಲ್ಲಗೆ ಎರಡು ಕಿವಿಗೂ ಹಾಕಿ ಬಂದೆ. ಎಡ ಯಾವುದು, ಬಲ ಯಾವುದು ಅಂತ ನೋಡೇ ಹಾಕಿದೀನವ್ವ."