ಎಂಬತ್ತು ಕೆಜಿಯ ಸವಾರ

"ಮಾವ, ನನಗೆ ತಕ್ಕ ಗಾಡಿ ಯಾವುದು?" ಎಂದು ಶಿಷ್ಯ ಕೇಳಿದ.

ಕೇಳಿದವನು ನಂಜುಂಡಾರಾಧ್ಯ. ವಯಸ್ಸು ಐವತ್ತಾರು, ದಪ್ಪ ಆಸಾಮಿ. ಭಾನುವಾರಕ್ಕೊಮ್ಮೆ ಮಣ್ಣುದಾರಿಯಲ್ಲಿ ಡರ್ಟ್ ಬೈಕ್ ಓಡಿಸಬೇಕೆಂಬುದು ಅವನ ಆಸೆ. ಅಂಗಡಿಯಲ್ಲಿ ಎರಡು ಗಾಡಿ ನೋಡಿ ಬಂದಿದ್ದ. ಒಂದು ಎತ್ತರದ್ದು, ಪಂದ್ಯದ ಗಾಡಿ. ಇನ್ನೊಂದು ತಗ್ಗಿನದು, ಸಾಧು. ಮನಸ್ಸು ಎತ್ತರದ್ದರ ಮೇಲೇ ಕೂತಿತ್ತು. ಗುರುವಿನ ಬಾಯಿಂದ ಹೂಂ ಅನ್ನಿಸಿಕೊಳ್ಳುವುದಷ್ಟೇ ಬಾಕಿ.

ಗುರು ದ್ಯಾವಣ್ಣ, ಊರಿಗೆಲ್ಲ ಮಾವ. ಊರಾಚೆಯ ಬಯಲಿನಲ್ಲಿ ಗಾಡಿ ಕಲಿಸುತ್ತಿದ್ದರು.

"ಕೇಳಬೇಕಾದವನನ್ನೇ ಕೇಳಿದೆ," ಎಂದರು ಮಾವ. "ನನ್ನಷ್ಟು ಬಲ್ಲವನು ಈ ಸೀಮೆಯಲ್ಲಿ ಇನ್ನೊಬ್ಬನಿದ್ದ. ಅವನಿಗೂ ನಾನೇ ಕಲಿಸಿದ್ದು. ಅಗೋ, ಆ ದಿಬ್ಬದಿಂದ ಹಾರಿಸು ಅಂದೆ. ಹಾರಿದ. ಇನ್ನೂ ಇಳಿದಿಲ್ಲ. ಇರಲಿ, ಒಂದು ಕತೆ ಹೇಳುತ್ತೇನೆ, ಕೇಳು."

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ತಕ್ಕಡಿ ಯಾರಿಗೂ ಒಂದು ಗುಲಗಂಜಿಯಷ್ಟು ಮೋಸ ಮಾಡಿದ್ದಿಲ್ಲ. ನಲವತ್ತು ವರ್ಷ ಗದ್ದುಗೆ ಬಿಟ್ಟೇಳದೆ ವ್ಯಾಪಾರ ಮಾಡಿದ. ಕೂತಲ್ಲಿಂದ ಎದುರಿನ ಬೆಟ್ಟ ಕಾಣುತ್ತಿತ್ತು. ಕೈಕಾಲು ಗಟ್ಟಿಯಿರುವಾಗಲೇ ಒಮ್ಮೆ ಗಾಡಿಯಲ್ಲಿ ಅದರ ನೆತ್ತಿಗೆ ಹೋಗಿಬರಬೇಕು ಎಂದುಕೊಂಡ. ಬೇರೆ ಆಸೆ ಅವನಿಗಿರಲಿಲ್ಲ.

ಅಂಗಡಿಗೆ ಹೋಗಿ ಎಲ್ಲಕ್ಕಿಂತ ಎತ್ತರದ ಗಾಡಿಯನ್ನು ತೋರಿಸಿ ಅದೇ ಬೇಕೆಂದ. ಅಲ್ಲೊಬ್ಬ ಮೆಕ್ಯಾನಿಕ್ ಇದ್ದ. ನನ್ನ ಶಿಷ್ಯನೇ. ಅವನು ಕೆಮ್ಮಿದರೆ ಸಾಕು, ಕೆಟ್ಟುನಿಂತ ಇಂಜಿನ್ ಸ್ಟಾರ್ಟ್ ಆಗುತ್ತಿತ್ತು. ಅವನು ಕೇಳಿದ: "ಯಜಮಾನರೇ, ನಿಮ್ಮ ತೂಕ ಎಷ್ಟು? ತೂಕ ನೋಡಿ ಸ್ಪ್ರಿಂಗ್ ಹಾಕಬೇಕು."

ಸುತ್ತ ನಾಲ್ಕು ಜನ ನಿಂತಿದ್ದರು. ವ್ಯಾಪಾರಿ, "ಎಂಬತ್ತು," ಎಂದ.

ಸುಳ್ಳೇನಲ್ಲ. ಮದುವೆಯ ದಿನ ಅವನು ಎಂಬತ್ತೇ ಇದ್ದ.

ಮೆಕ್ಯಾನಿಕ್ ಎಂಬತ್ತು ಕೆಜಿಯ ಸ್ಪ್ರಿಂಗ್ ಹಾಕಿದ. ವ್ಯಾಪಾರಿ ಹತ್ತಿ ಕೂತ. ಸ್ಪ್ರಿಂಗ್ ಕುಸಿಯಿತು, ಸೀಟು ತಗ್ಗಿತು, ಎರಡು ಕಾಲೂ ನೆಲ ಮುಟ್ಟಿದವು. "ನೋಡಿದಿರಾ! ನನಗೆಂದೇ ಅಳತೆ ಕೊಟ್ಟು ಮಾಡಿಸಿದ ಹಾಗಿದೆ," ಎಂದು ನಾಲ್ಕು ಜನರಿಗೂ ತೋರಿಸಿದ.

ಮುಂದಿನ ಭಾನುವಾರ ಬೆಟ್ಟ ಹತ್ತಲು ಹೊರಟ. ಬುಡದಲ್ಲೇ ಒಂದು ಕೊರಕಲು. ಕುಸಿದಿದ್ದ ಸ್ಪ್ರಿಂಗ್‌ಗೆ ಇನ್ನು ಕುಸಿಯಲು ಜಾಗವಿರಲಿಲ್ಲ. ಹಿಂದಿನ ಚಕ್ರ ಅಲ್ಲೇ ಕೂತಿತು, ಮುಂದಿನದು ಆಕಾಶ ನೋಡಿತು. ಗಾಡಿ ಒಂದು ಕಡೆ, ವ್ಯಾಪಾರಿ ಒಂದು ಕಡೆ. ಮೊಣಕಾಲು ಕುಂಬಳಕಾಯಿಯಾಯಿತು. ಮೂರು ವಾರ ಮಂಚ ಬಿಡಲಿಲ್ಲ.

ಹೆಂಡತಿ ಗಂಡನ ಕಾಲು ನೆಟ್ಟಗಾಗಲೆಂದು ದೇವರಿಗೆ ಬೆಲ್ಲದ ತುಲಾಭಾರ ಹರಸಿಕೊಂಡಳು. ಜೊತೆಗೆ ಗಂಡನಿಗೂ ಒಂದು ಮಾತು ಹೇಳಿದಳು: "ಇನ್ನೊಂದು ಸಲ ಬಿದ್ದಿರೋ, ಗಾಡಿಯೂ ಇಲ್ಲ, ಬೆಟ್ಟವೂ ಇಲ್ಲ. ಗದ್ದುಗೆಯ ಮೇಲೇ ಕೂತಿರಬೇಕು."

ಕಾಲು ನೆಟ್ಟಗಾಯಿತು. ತುಲಾಭಾರಕ್ಕೆ ಎಷ್ಟು ಬೆಲ್ಲ ಕಳಿಸಲಿ ಎಂದು ಗುಮಾಸ್ತ ಕೇಳಿದ. ಒಮ್ಮೆ ಆಡಿದ ಮಾತನ್ನು ವ್ಯಾಪಾರಿ ದೇವರ ಮುಂದೆಯೂ ಬಿಡಲಿಲ್ಲ. "ಎಂಬತ್ತು," ಎಂದ.

ದೇವಸ್ಥಾನದಲ್ಲಿ ಒಂದು ತಟ್ಟೆಯಲ್ಲಿ ವ್ಯಾಪಾರಿ ಕೂತ. ಇನ್ನೊಂದರಲ್ಲಿ ಬೆಲ್ಲದ ಅಚ್ಚು ಪೇರಿಸಿದರು. ಎಂಬತ್ತು ಕೆಜಿ ಮುಗಿಯಿತು. ವ್ಯಾಪಾರಿಯ ತಟ್ಟೆ ನೆಲ ಬಿಟ್ಟು ಏಳಲಿಲ್ಲ. ಅರ್ಚಕರು, "ಇನ್ನೂ ಬೇಕು," ಎಂದರು. ಅಂಗಡಿಯಿಂದ ಹತ್ತು ಕೆಜಿ ಬಂತು. "ಇನ್ನೂ ಬೇಕು." ಮತ್ತೆ ಹತ್ತು ಬಂತು. ಇನ್ನೂ ಒಂದು ಹತ್ತು. ಆಮೇಲೆ ಎರಡು. ಆಗ ತಟ್ಟೆ ಎದ್ದಿತು. ಜನ ತಲೆ ತಗ್ಗಿಸಿ ನಕ್ಕರು.

ಪ್ರಸಾದಕ್ಕೆ ನಿಂತಿದ್ದ ಮೆಕ್ಯಾನಿಕ್ ನಗಲಿಲ್ಲ. ಹತ್ತಿರ ಬಂದು ಕೈಮುಗಿದು ಕೇಳಿದ: "ಯಜಮಾನರೇ, ಆವತ್ತು ಬೆಟ್ಟಕ್ಕೆ ಹೊರಟಾಗ ಹಿಂದೆ ಯಾರನ್ನು ಕೂರಿಸಿಕೊಂಡಿದ್ದಿರಿ?"

"ಯಾರೂ ಇಲ್ಲವಲ್ಲಪ್ಪ, ಒಬ್ಬನೇ ಇದ್ದೆ."

"ಮೂವತ್ತೆರಡು ಕೆಜಿಯವರು ಒಬ್ಬರು ಇದ್ದರಲ್ಲ. ಅವರಿಗೆ ನಾನು ಸ್ಪ್ರಿಂಗ್ ಹಾಕಿರಲಿಲ್ಲ."

ವ್ಯಾಪಾರಿ ಮನೆಗೆ ಹೋಗಿ ಎರಡು ದಿನ ಯೋಚಿಸಿದ. ಗಾಡಿ ಬಿಟ್ಟುಬಿಡಬಹುದಿತ್ತು. ಆದರೆ ಗದ್ದುಗೆಯಿಂದ ಬೆಟ್ಟ ಕಾಣುತ್ತಲೇ ಇತ್ತು. ಮೂರನೆಯ ದಿನ ಮೆಕ್ಯಾನಿಕ್ ಹತ್ತಿರ ಹೋಗಿ, ಜನರೆದುರೇ, "ನೂರ ಹನ್ನೆರಡು," ಎಂದ.

ಮೆಕ್ಯಾನಿಕ್ ನೂರ ಹನ್ನೆರಡರ ಸ್ಪ್ರಿಂಗ್ ಹಾಕಿದ. ವ್ಯಾಪಾರಿ ಹತ್ತಿ ಕೂತ. ಈ ಸಲ ಸ್ಪ್ರಿಂಗ್ ಕುಸಿಯಲಿಲ್ಲ, ಸೀಟು ತಗ್ಗಲಿಲ್ಲ. ಕಾಲುಗಳು ಗಾಳಿಯಲ್ಲಿ ನೆಲ ಹುಡುಕಿದವು. ಗಾಡಿ ಮೊದಲ ದಿನವೂ ಅಷ್ಟೇ ಎತ್ತರವಿತ್ತು. ಸುಳ್ಳು ಕುಸಿದು ನೆಲ ಮುಟ್ಟಿಸಿತ್ತು, ಅಷ್ಟೆ.

ಅದನ್ನು ಅಲ್ಲೇ ಬಿಟ್ಟು, ಮೂಲೆಯಲ್ಲಿದ್ದ ತಗ್ಗಿನ ಗಾಡಿಯನ್ನು ಕೇಳಿದ. ಓಟ ಕಡಿಮೆ, ನಿಧಾನಕ್ಕೆ ಎಳೆಯುವ ಗಾಡಿ. ಅದಕ್ಕೂ ತನ್ನ ತೂಕದ ಸ್ಪ್ರಿಂಗ್ ಹಾಕಿಸಿದ. ಹಾಕಿದ ಮೇಲೂ ಪಾದಗಳು ಪೂರ್ತಿ ನೆಲದ ಮೇಲಿದ್ದವು. ದಾರಿಯಲ್ಲಿ ಒಬ್ಬ, "ಏನ್ ಯಜಮಾನ್ರೇ, ಕುದುರೆ ಮಾರಿ ಕತ್ತೆ ತಂದಿರಾ?" ಎಂದು ಕೆಣಕಿದ. ವ್ಯಾಪಾರಿ, "ಹೌದಪ್ಪ, ಬಿದ್ದರೆ ನಾನೊಬ್ಬನೇ ಎತ್ತಿ ನಿಲ್ಲಿಸಬಹುದು," ಎಂದು ಮುಂದೆ ಹೋದ.

ಬೆಟ್ಟ ಹತ್ತಲು ಬೆಳಗಿನಿಂದ ಮಧ್ಯಾಹ್ನವಾಯಿತು. ಎರಡು ಕಡೆ ಇಳಿದು ತಳ್ಳಿದ. ಐದು ಕಡೆ ಕಾಲೂರಿ ನಿಂತು ಸುಧಾರಿಸಿಕೊಂಡ. ಬೀಳಲಿಲ್ಲ. ನೆತ್ತಿಯಲ್ಲಿ ಗಾಡಿ ನಿಲ್ಲಿಸಿ ಕೆಳಗೆ ನೋಡಿದ. ಅವನ ಅಂಗಡಿ ಒಂದು ಬೆಲ್ಲದಚ್ಚಿನಷ್ಟೂ ಕಾಣಲಿಲ್ಲ.

ಮಾವ ಕತೆ ನಿಲ್ಲಿಸಿದರು.

ನಂಜುಂಡಾರಾಧ್ಯ ತೊಡೆ ತಟ್ಟಿ ನಕ್ಕ. "ಎಂಥ ಮಂಕು ಮನುಷ್ಯ, ಮಾವ! ನಾಲ್ಕು ಜನರಿಗೆ ನಾಚಿ ಮೊಣಕಾಲು ಕೊಟ್ಟ. ಅದಿರಲಿ, ನಾನು ನೋಡಿದ ಎರಡರಲ್ಲಿ ನನಗೆ ಯಾವುದು, ಹೇಳಿ."

"ಹೇಳೋಣ," ಎಂದರು ಮಾವ. "ನಿನ್ನ ತೂಕ ಎಷ್ಟು?"

ಶಿಷ್ಯ ಹೊಟ್ಟೆಯನ್ನು ಒಳಗೆಳೆದುಕೊಂಡ.