ಹೊಸ ಅಕ್ಕಿಯ ಪಂಕ್ತಿಯಲ್ಲಿ ಕೂತ ರಾಜ

ಕಿವಿ ಇತ್ತ ಕೊಡಿ. ಈ ಕಥೆಯನ್ನು ಇಷ್ಟು ಚೆನ್ನಾಗಿ ಹೇಳುವವರು ಬೇರೆಲ್ಲೂ ಸಿಗಲಿಕ್ಕಿಲ್ಲ.

ಕಡಲ ಬದಿಯ ಒಂದು ರಾಜ್ಯದಲ್ಲಿ ಒಬ್ಬ ರಾಜನಿದ್ದ. ಅವನದೊಂದು ಕಾನೂನು. ಬೆಳೆದ ಭತ್ತ ಮೊದಲು ಅರಮನೆಯ ಕಣಜಕ್ಕೆ. ಕಣಜ ತುಂಬಿ ಮಿಕ್ಕರೆ ಬೆಳೆದವರಿಗೆ. ಒಂದು ಕಣಜ ತುಂಬುವಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದು ಏಳುತ್ತಿತ್ತು. ಬೆಳೆದವರು ಗೆಡ್ಡೆ ಬೇಯಿಸಿ ತಿನ್ನುತ್ತಿದ್ದರು.

ಹೊಳೆಯಾಚೆ ಒಂದು ಇಗರ್ಜಿಯ ಊರು. ಅಲ್ಲಿ ವರ್ಷಕ್ಕೊಮ್ಮೆ ತೆನೆಹಬ್ಬ. ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಒಂದಿಷ್ಟು ಹೊಸ ತೆನೆಯಿಂದ ಪಾಯಸ. ಅಷ್ಟನ್ನು ಮಾತ್ರ ಕಣಜದವರೂ ಮುಟ್ಟುತ್ತಿರಲಿಲ್ಲ. ಆ ವರ್ಷ ಪಾಯಸದ ಘಮ ಹೊಳೆ ದಾಟಿ ಅರಮನೆಯ ಕಿಟಕಿಗೆ ಬಂತು.

'ರಾಜ್ಯದ ಅಕ್ಕಿಯೆಲ್ಲ ನನ್ನ ಹತ್ತಿರ ಇದೆ. ನನ್ನ ಪಾಯಸಕ್ಕೆ ಈ ಘಮ ಯಾಕಿಲ್ಲ?' ರಾಜನಿಗೆ ಕೂತಲ್ಲಿ ಕೂರಲಾಗಲಿಲ್ಲ.

ಪಾಯಸ ತರಲು ಬಾಣಸಿಗನನ್ನು ಕಳಿಸಿದ. ಪಾಯಸ ಮಾಡುತ್ತಿದ್ದ ಸೆರಪಿನಾ ಬಾಯಮ್ಮ ಹೇಳಿದಳು, "ಇದನ್ನು ಹೊತ್ಕೊಂಡು ಹೋಗೋ ಹಾಗಿಲ್ಲ ಮಾರಾಯ. ಉಣ್ಣುವವರೇ ಬರಬೇಕು."

ಮಂತ್ರಿಯನ್ನು ಕಳಿಸಿದ. "ನೀವು ಉಂಡರೆ ರಾಜರ ಹೊಟ್ಟೆ ತುಂಬುತ್ತದಾ?" ಅಂದಳು.

ಮೂರನೆಯ ಸಲ ರಾಜನೇ ದೋಣಿ ಹತ್ತಿದ.

"ಬನ್ನಿ ದೊರೆಗಳೇ. ಇಲ್ಲೊಂದು ಪದ್ಧತಿ ಉಂಟು. ಪಂಕ್ತಿಯಲ್ಲಿ ಎಲ್ಲರ ಎಲೆಗೂ ಬೀಳುವ ತನಕ ಯಾರೂ ಬಾಯಿಗಿಡುವಂತಿಲ್ಲ. ಒಪ್ಪಿಗೆಯಾ?"

"ಅಷ್ಟೇನಾ? ಇದು ರಾಜನ ಮಾತು," ಅಂತ ಚಾಪೆಯ ಮೇಲೆ ಕೂತೇಬಿಟ್ಟ.

ಪ್ರತಿ ವರ್ಷ ಬಾಯಮ್ಮ ಎಲೆಗೆ ಬೆರಳ ತುದಿಯಷ್ಟು ಹಂಚಿ ಊರಿಗೆಲ್ಲ ಸಾಲುವಂತೆ ಮಾಡುತ್ತಿದ್ದಳು. ಈ ಸಲ ಶಿಲುಬೆಯ ಗುರುತು ಹಾಕಿಕೊಂಡವಳೇ ರಾಜನ ಎಲೆಯಿಂದ ಶುರುಮಾಡಿ ಸೌಟು ತುಂಬ ಬಡಿಸಿದಳು. ಏಳನೆಯ ಎಲೆಗೆ ಪಾತ್ರೆ ಬರಿದು!

ರಾಜ ಬಾಯಿಗಿಡಲು ಕೈ ಎತ್ತಿದ.

"ಕೈ ಇಳಿಸಿ ದೊರೆಗಳೇ. ಇನ್ನೂ ಎಲೆಗಳಿವೆ."

"ಮಾಡಿ ಬಡಿಸು ಮತ್ತೆ."

"ಅಕ್ಕಿ ಎಲ್ಲಿದೆ ಅಂತ ನಿಮಗೇ ಗೊತ್ತಲ್ಲ."

ರಾಜ ಒಂದು ಮೂಟೆ ತರಿಸಿದ. ಅದು ಬೇಯುವಷ್ಟರಲ್ಲಿ ಪಕ್ಕದ ಊರಿನವರು ಬಂದು ಕೂತರು. ಹತ್ತು ಮೂಟೆ ತರಿಸಿದ. ಅದರಾಚೆಯ ಊರಿನವರೂ ಬಂದರು. ರಾಜನ ಹೊಟ್ಟೆ ತಾಳ ಹಾಕತೊಡಗಿತು.

"ಬಾಯಮ್ಮ, ನಾನು ಈಗಲೇ ತಿಂದರೆ ಏನು ಮಾಡ್ತೀ?"

"ನಾನೇನು ಮಾಡಲಿ? ತಿನ್ನಿ. ಎದುರಿಗೆ ಕೂತವರನ್ನು ನೋಡ್ತಾ ತಿನ್ನಿ."

ರಾಜ ತುತ್ತಿಗೆ ಕೈ ಎತ್ತಿ ನೋಡಿದ. ಎದುರಿಗೆ ಒಂದು ಖಾಲಿ ಎಲೆ. ಅದರ ಹಿಂದೆ ಆಚೆಯ ಊರಿನಿಂದ ಬಂದ, ಗದ್ದೆಯ ಮಣ್ಣು ಮೆತ್ತಿದ ಒಬ್ಬ ಮುದುಕ.

"ಇನ್ನೊಂಚೂರು ಕಾಯುವ, ದೊರೆ," ಅಂದ ಮುದುಕ. "ನಾನು ಬೆಳೆದ ಅಕ್ಕಿ ಉಂಡು ನಾಲ್ಕು ವರ್ಷ ಆಯ್ತು. ನನಗೇನೋ ರೂಢಿ ಉಂಟು."

ಎತ್ತಿದ ಕೈ ತಾನಾಗಿ ಇಳಿಯಿತು. ರಾಜ ಕೂಗಿದ, "ಕಣಜದ ಬಾಗಿಲು ತೆಗೀರಿ!"

"ಕಾನೂನು, ಪ್ರಭು?" ಮಂತ್ರಿ ತಡವರಿಸಿದ.

"ಬದಲಾಯ್ತು. ಮೊದಲು ಬೆಳೆದವರ ಮನೆಗೆ ವರ್ಷದ ಊಟ. ಆಮೇಲೆ ಬಿತ್ತನೆಗೆ ಬೀಜ. ಮಿಕ್ಕಿದ್ದು ಅರಮನೆಗೆ."

ಬಾಯಮ್ಮ ಸೌಟು ಕೆಳಗಿಡಲಿಲ್ಲ. "ಬರೆದು ಮುದ್ರೆ ಒತ್ತಿ ದೊರೆಗಳೇ, ಈಗಲೇ. ಹೊಟ್ಟೆ ತುಂಬಿದ ಮೇಲೆ ಯಾರಿಗೆ ಏನು ನೆನಪಿರ್ತದೆ?"

ರಾಜ ಹಸಿದ ಹೊಟ್ಟೆಯಲ್ಲೇ ಮುದ್ರೆ ಒತ್ತಿದ. ಕೊನೆಯ ಎಲೆಗೂ ಪಾಯಸ ಬಿತ್ತು.

ನೀತಿ ಇಷ್ಟೇ: ದೇವರು ಕೊಟ್ಟ ಅನ್ನದಲ್ಲಿ ಬೆಳೆದವರನ್ನೇ ಕೊನೆಗೆ ಕೂರಿಸುವ ಕಾನೂನು ಕಾನೂನಲ್ಲ. ಅದು ಬದಲಾಗಲಿ ಅಂತ ಪ್ರಾರ್ಥನೆಯನ್ನೂ ಮಾಡಬೇಕು, ಅರಸನನ್ನು ಎದುರಿಗೆ ಕೂರಿಸಿ ಕೇಳಲೂ ಬೇಕು.